ನಾಣ್ಯದ ಸುಳಿವು ಕೊಡುವ ತೆರಿಗೆ ನಕ್ಷೆ!

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಳೇ ನಾಣ್ಯ ಹುಡುಕುವ ಹವ್ಯಾಸಿಗಳು ಮೆಟಲ್ ಡಿಟೆಕ್ಟರ್ ಹಿಡಿಯುವ ಮೊದಲು ತೆರಿಗೆ ನಕ್ಷೆ ಬಿಚ್ಚಿ ನೋಡುತ್ತಾರೆ! ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಒಂದು ಪಾಲನ್ನು 1836ರ ಕಾಯ್ದೆ ಹಣಕ್ಕೆ ಬದಲಿಸಿತು. ಅದರ ಲೆಕ್ಕಕ್ಕೆಂದು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 11 ಸಾವಿರಕ್ಕೂ ಹೆಚ್ಚು ನಕ್ಷೆಗಳು ತಯಾರಾದವು. ಪ್ರತಿ ಹೊಲಕ್ಕೂ ಒಂದು ಸಂಖ್ಯೆ. ಒಡೆಯ, ಗೇಣಿದಾರರ ಹೆಸರು ಜೊತೆಗಿನ ಪಟ್ಟಿಯಲ್ಲಿ. ಎಷ್ಟೋ ಕಡೆ ಹೊಲದ ಹೆಸರೂ ಉಂಟು. ‘ಕಪ್ಪು ನೆಲ’ ಎಂಬರ್ಥದ ಹೆಸರು ಕಂಡರೆ ಹುಡುಕುವವರ ಕಿವಿ ನೆಟ್ಟಗಾಗುತ್ತದೆ. ಹಳೇ ಜನವಸತಿಯ ಬೂದಿ, ಕಸದಿಂದಲೂ ಮಣ್ಣು ಕಪ್ಪಾಗಿರಬಹುದಲ್ಲ! ಅಂದು ಮನೆಯಿದ್ದ ಜಾಗದಲ್ಲಿ ಇಂದು ಬರೀ ಗೋಧಿ ಬೆಳೆದಿದ್ದರಂತೂ ಹಬ್ಬ. ಹೊಲದೊಡೆಯನ ಒಪ್ಪಿಗೆ ಮಾತ್ರ ಬೇಕೇ ಬೇಕು. ನಿಧಿಯೇ ಸಿಕ್ಕರೆ 14 ದಿನಗಳೊಳಗೆ ಕೊರೋನರ್‌ಗೆ ತಿಳಿಸಬೇಕು. ಅಸಹಜ ಸಾವುಗಳ ವಿಚಾರಣೆ ನಡೆಸುವವರೂ ಇದೇ ಅಧಿಕಾರಿ.