ಕಾಫಿ ಹುರಿಯುವ ಯಂತ್ರ ತಾನಾಗಿ ನಿಲ್ಲುವುದೇಕೆ

ಮನೆಯಲ್ಲಿ ಕಾಫಿ ಬೀಜ ಹುರಿಯಲೆಂದೇ ತಯಾರಾಗುವ ವಿದ್ಯುತ್ ಯಂತ್ರಗಳಲ್ಲಿ ಬಹುಪಾಲಿಗೆ ಒಂದು ಕಾಲಮಿತಿ ಇರುತ್ತದೆ. ಬೀಜ ಹದಕ್ಕೆ ಬಂದಿರಲಿ, ಬಾರದಿರಲಿ, ಆ ಅವಧಿ ಮುಗಿದೊಡನೆ ಹೀಟರ್ ಆರಿ ಯಂತ್ರ ತಣಿಯತೊಡಗುತ್ತದೆ. ಬೀಜ ಕಪ್ಪಗೆ ಹುರಿದಿರಬೇಕು ಎನ್ನುವವರಿಗೆ ಇದು ಕಿರಿಕಿರಿ. ಹೀಗಾಗಿ ಮಿತಿಯನ್ನು ತಪ್ಪಿಸಲು ಯಂತ್ರ ಬಿಚ್ಚಿ ತಂತಿ ಬದಲಿಸುವ ಹವ್ಯಾಸಿಗಳು, ಮುಖ್ಯವಾಗಿ ಅಮೆರಿಕದಲ್ಲಿ, ಸಾಕಷ್ಟು ಮಂದಿ ಇದ್ದಾರೆ. ಈ ಮಿತಿ ಯಾವುದನ್ನು ಕಾಯುತ್ತದೆ, ಅದನ್ನು ಕಿತ್ತರೆ ಜೊತೆಗೆ ಇನ್ನೇನು ಹೋಗುತ್ತದೆ ಎಂಬುದು ತಿಳಿಯಬೇಕಾದರೆ ಯಂತ್ರದ ರಚನೆಯಷ್ಟೇ ಬೀಜದ ಸ್ವಭಾವವೂ ಗೊತ್ತಿರಬೇಕು.

ಎರಡು ಬಗೆಯ ಯಂತ್ರ

ಮನೆಬಳಕೆಯ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡ್ರಮ್ ಯಂತ್ರದಲ್ಲಿ ಲೋಹದ ಡ್ರಮ್ ನಿಧಾನವಾಗಿ ತಿರುಗುತ್ತಿರುತ್ತದೆ. ಪಕ್ಕದಲ್ಲೋ ಅಡಿಯಲ್ಲೋ ಇರುವ ಹೀಟರ್ ಬೀಜಕ್ಕೆ ಕಾವು ಕೊಡುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಮನೆಗಳಲ್ಲಿ ಕೆಂಡದ ಮೇಲಿಟ್ಟು ಕೈಯಿಂದ ತಿರುಗಿಸಿ ಹುರಿಯುವ ಡಬ್ಬದ ತತ್ವವೂ ಇದೇ. ಅಮೆರಿಕದ ಜೋ ಬೆಮ್ ರೂಪಿಸಿದ ಬೆಮೋರ್ 1600 ಈ ಬಗೆಯಲ್ಲಿ ಹೆಸರಾದದ್ದು. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬೀಜ ಹಿಡಿಯುವ ತಂತಿಬಲೆಯ ಡ್ರಮ್, ಅದರ ಹಿಂದೆ ಕ್ವಾರ್ಟ್ಜ್ ಹೀಟರ್‌ಗಳು, ಏಳುವ ಹೊಗೆಯನ್ನು ಸುಡಲು ಪ್ರತ್ಯೇಕ ಕಾಯಿಲ್ ಅದರಲ್ಲಿವೆ.

ಎರಡನೆಯದು ಬಿಸಿಗಾಳಿ ಯಂತ್ರ. ಕೆಳಗಿನ ಫ್ಯಾನ್ ಕಾದ ಕಾಯಿಲ್‌ನ ಮೂಲಕ ಗಾಳಿ ನುಗ್ಗಿಸುತ್ತದೆ. ಆ ಗಾಳಿಯೇ ಬೀಜವನ್ನು ಎತ್ತಿ ತಿರುವಿ ಹುರಿಯುತ್ತದೆ. ಅಮೆರಿಕದ ಕೆಮಿಕಲ್ ಎಂಜಿನಿಯರ್ ಮೈಕೇಲ್ ಸಿವೆಟ್ಜ್ ಇಂಥ ಯಂತ್ರಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಅದೇ ದಶಕದಲ್ಲಿ ಮಾರುಕಟ್ಟೆಗೆ ಬಂದ ಬಿಸಿಗಾಳಿಯ ಪಾಪ್‌ಕಾರ್ನ್ ಯಂತ್ರಗಳೂ ಇದೇ ತತ್ವದವು. ಜೋಳದ ಬದಲು ಕಾಫಿ ಬೀಜ ಹಾಕಿದರೂ ಕೆಲಸ ನಡೆಯುತ್ತದೆ ಎಂಬುದು ಹವ್ಯಾಸಿಗಳಿಗೆ ಬೇಗ ಹೊಳೆಯಿತು. ಯಂತ್ರ ಬಿಚ್ಚಿ ಮಾರ್ಪಡಿಸುವ ಗೀಳು ಹೆಚ್ಚಾಗಿ ಬೆಳೆದದ್ದು ಇಲ್ಲೇ. ಅರಳಾಗುವ ಜೋಳ ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ ಸಿಡಿದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕಾಫಿಗೆ ಇನ್ನೂ 40-50 ಡಿಗ್ರಿ ಹೆಚ್ಚು ಕಾವು ಬೇಕು, ಸಮಯವೂ ಎರಡು ಮೂರು ಪಟ್ಟು. ಜೋಳಕ್ಕೆಂದು ಲೆಕ್ಕ ಹಾಕಿ ಇಟ್ಟ ಮಿತಿ ಕಾಫಿಗೆ ಸಾಲದಿರುವುದು ಸಹಜ.

ಕಾವಿನಲ್ಲಿ ಬೀಜ

ಹುರಿಯದ ಕಾಫಿ ಬೀಜದಲ್ಲಿ ಶೇ. 10ರಿಂದ 12ರಷ್ಟು ತೇವಾಂಶ ಇರುತ್ತದೆ. 450 ಗ್ರಾಂ ಬೀಜದಲ್ಲಿ ಹೆಚ್ಚುಕಡಿಮೆ 50 ಗ್ರಾಂ ನೀರು. ಈ ನೀರನ್ನು ಆವಿ ಮಾಡುವುದಕ್ಕೇ ಸುಮಾರು 113 ಕಿಲೋಜೂಲ್ ಶಾಖ ಬೇಕು. 1500 ವಾಟ್ ಹೀಟರಿನ ಪೂರ್ತಿ ಶಕ್ತಿ ನೀರಿಗೇ ಸಂದರೂ ಇದಕ್ಕೆ ಒಂದೂಕಾಲು ನಿಮಿಷ ಹಿಡಿಯುತ್ತದೆ. ಯಂತ್ರದ ಗೋಡೆ, ಹೊರಹೋಗುವ ಗಾಳಿ ಹೀರುವ ಕಾವು ಬೇರೆ. ಮೊದಲ ಹಂತದುದ್ದಕ್ಕೂ ಬೀಜ ಶಾಖವನ್ನು ಹೀರುತ್ತಲೇ ಇರುತ್ತದೆ. ಹಸಿರು ಬಣ್ಣ ಹಳದಿಯಾಗುತ್ತದೆ, ಹಸಿ ಹುಲ್ಲಿನ ವಾಸನೆ ಹೋಗಿ ಸುಟ್ಟ ರೊಟ್ಟಿಯ ಘಮ ಬರುತ್ತದೆ. ಸುಮಾರು 150 ಡಿಗ್ರಿಯಿಂದಾಚೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುವ ಮಯಾರ್ಡ್ ಕ್ರಿಯೆಗಳು ಚುರುಕಾಗುತ್ತವೆ.

ಬೀಜದ ಉಷ್ಣತೆ 195 ಡಿಗ್ರಿಯ ಆಸುಪಾಸಿಗೆ ಬಂದಾಗ ಒಳಗೆ ಒತ್ತಡದಲ್ಲಿದ್ದ ಆವಿ ಮತ್ತು ಅನಿಲ ಹೊರಬಿದ್ದು ಪಟಪಟನೆ ಸದ್ದಾಗುತ್ತದೆ. ಇದು ಮೊದಲ ಸಿಡಿತ. ಬೀಜ ಉಬ್ಬುತ್ತದೆ, ಅದಕ್ಕಂಟಿದ್ದ ತೆಳು ಪೊರೆ ಹೊಟ್ಟಾಗಿ ಉದುರುತ್ತದೆ. 225 ಡಿಗ್ರಿಯ ಹತ್ತಿರ ಎರಡನೇ ಸಿಡಿತ. ಸದ್ದು ಸಣ್ಣದು, ಆದರೆ ಬಿಡುವಿಲ್ಲದೆ ಕೇಳುತ್ತದೆ. ಎಣ್ಣೆ ಮೇಲ್ಮೈಗೆ ಜಿನುಗುತ್ತದೆ, ಹೊಗೆ ದಟ್ಟವಾಗುತ್ತದೆ. ಅಷ್ಟರಲ್ಲಿ ಬೀಜ ತೂಕದಲ್ಲಿ ಶೇ. 15ಕ್ಕೂ ಹೆಚ್ಚು ಕಳೆದುಕೊಂಡಿರುತ್ತದೆ.

ಸುರಕ್ಷತೆಯ ಪ್ರಶ್ನೆ ಗಂಭೀರವಾಗುವುದು ಈ ಕೊನೆಯ ಹಂತದಲ್ಲಿ. ಬೀಜದೊಳಗಿನ ವಸ್ತುಗಳು ಒಡೆಯುತ್ತ ತಾವೇ ಶಾಖ ಬಿಡತೊಡಗುತ್ತವೆ. ಹೀಟರ್ ಅಷ್ಟೇ ಉರಿಯುತ್ತಿದ್ದರೂ ಬೀಜದ ಕಾವು ಏರುವ ವೇಗ ಹೆಚ್ಚುತ್ತದೆ. ಆರಂಭದಲ್ಲಿ ಎರಡು ನಿಮಿಷ ಹೆಚ್ಚಾದರೆ ಬೀಜ ಸ್ವಲ್ಪ ಹೆಚ್ಚು ಒಣಗುತ್ತದೆ, ಅಷ್ಟೆ. ಎರಡನೇ ಸಿಡಿತದ ನಂತರ ಅದೇ ಎರಡು ನಿಮಿಷದಲ್ಲಿ ಬೀಜ ಇದ್ದಿಲಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಆ ಹೊತ್ತಿಗೆ ಯಂತ್ರದೊಳಗೆ ಒಣಗಿ ಹಗುರಾದ ಹೊಟ್ಟು ಬೇರೆ ಕಾಯಿಲ್‌ನ ಪಕ್ಕದಲ್ಲೇ ಬಿದ್ದಿರುತ್ತದೆ. ಬೀಜಕ್ಕಿಂತ ಮೊದಲು ಉರಿ ಹಿಡಿಯುವುದು ಅದಕ್ಕೇ.

ಮೂರು ಕಾವಲುಗಳು

ಯಂತ್ರದಲ್ಲಿ ಸಾಮಾನ್ಯವಾಗಿ ಒಂದರ ಹಿಂದೆ ಒಂದರಂತೆ ಮೂರು ಕಾವಲುಗಳಿರುತ್ತವೆ. ಮೊದಲನೆಯದು ಟೈಮರ್. ಎರಡನೆಯದು ಥರ್ಮೋಸ್ಟಾಟ್: ಕಾವಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪುಟ್ಟ ಬಿಲ್ಲೆ ನಿಗದಿತ ಉಷ್ಣತೆಯಲ್ಲಿ ಟಕ್ಕನೆ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಸೇರಿಸುತ್ತದೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರಿ ಹೊತ್ತುವುದೂ ಇಂಥ ಜೋಡಿಲೋಹದಿಂದಲೇ. ಕೊನೆಯದು ಥರ್ಮಲ್ ಫ್ಯೂಸ್. ಹುರುಳಿಕಾಯಿಯ ತುಂಡಿನಷ್ಟು ದಪ್ಪವೂ ಇರದ ಲೋಹದ ನಳಿಕೆಯೊಳಗೆ ನಿಗದಿತ ಕಾವಿಗೆ ಕರಗುವ ಗುಳಿಗೆ ಇರುತ್ತದೆ. ಅದು ಕರಗಿದರೆ ಸ್ಪ್ರಿಂಗ್ ಸಡಿಲಗೊಂಡು ಸಂಪರ್ಕ ತಪ್ಪುತ್ತದೆ. ಒಮ್ಮೆ ಹೋದರೆ ಅದನ್ನು ಬದಲಿಸಲೇಬೇಕು.

ಥರ್ಮೋಸ್ಟಾಟ್ ಮತ್ತು ಫ್ಯೂಸ್ ಅಳೆಯುವುದು ತಾವು ಕೂತ ಜಾಗದ ಕಾವನ್ನು. ಡ್ರಮ್ಮಿನ ನಡುವಿನ ಬೀಜ ಹೊತ್ತಿಕೊಂಡ ಸಂಗತಿ ಗೋಡೆಗಂಟಿದ ಫ್ಯೂಸಿಗೆ ಮುಟ್ಟುವುದು ತಡವಾಗಿ. ಟೈಮರ್ ಅಂತೂ ಕಾವನ್ನೇ ಅಳೆಯುವುದಿಲ್ಲ. ಇಂತಿಷ್ಟು ಶಕ್ತಿಯ ಹೀಟರ್ ಇಂತಿಷ್ಟು ಬೀಜವನ್ನು ಇಂತಿಷ್ಟು ಹೊತ್ತಿನಲ್ಲಿ ಹುರಿದು ಮುಗಿಸಿರಬೇಕು ಎಂಬ ಊಹೆಯ ಮೇಲೆ ಅದು ನಿಂತಿದೆ. ಬೀಜದ ಬಣ್ಣ ನೋಡಿ, ಸಿಡಿತ ಕೇಳಿ, ಹೊಗೆಯ ವಾಸನೆ ಹಿಡಿದು ಸರಿಯಾದ ಕ್ಷಣದಲ್ಲಿ ನಿಲ್ಲಿಸಬೇಕಾದವರು ಎದುರಿಗಿಲ್ಲದಿದ್ದರೆ ಅವರ ಬದಲಿಗೆ ಯಂತ್ರ ನಿಲ್ಲಿಸುವ ಏರ್ಪಾಡು ಅದು.

ಬೆಮೋರ್ 1600 ಪ್ಲಸ್ ಈ ವಿಷಯವನ್ನು ಬಳಕೆದಾರರಿಗೇ ನೇರವಾಗಿ ಒಪ್ಪಿಸುತ್ತದೆ. ಹೊಂದಿಸಿದ ಅವಧಿಯ ಮುಕ್ಕಾಲು ಭಾಗ ಕಳೆದಾಗ ಯಂತ್ರ ಎಚ್ಚರಿಸುತ್ತದೆ. ಅರ್ಧ ನಿಮಿಷದೊಳಗೆ ಸ್ಟಾರ್ಟ್ ಗುಂಡಿ ಒತ್ತದಿದ್ದರೆ ಹುರಿಯುವುದನ್ನೇ ನಿಲ್ಲಿಸಿಬಿಡುತ್ತದೆ. 18 ನಿಮಿಷಕ್ಕೆ ಹೊಂದಿಸಿದ್ದರೆ ಹದಿಮೂರೂವರೆ ನಿಮಿಷಕ್ಕೆ ಗುಂಡಿ ಒತ್ತಬೇಕು, ಹೆಚ್ಚುಕಡಿಮೆ ಬೀಜ ಅಪಾಯದ ಹಂತದತ್ತ ಸಾಗುವ ವೇಳೆಗೆ. ರೈಲು ಎಂಜಿನ್ನಿನಲ್ಲಿ ಲೋಕೊ ಪೈಲಟ್ ಎಚ್ಚರವಾಗಿದ್ದಾರೆಯೇ ಎಂದು ಆಗಾಗ ಪರೀಕ್ಷಿಸಿ, ಉತ್ತರ ಬರದಿದ್ದರೆ ಬ್ರೇಕ್ ಹಾಕುವ ಸಾಧನದ ಕೆಲಸವೂ ಇಂಥದೇ.

ಇಂಥ ಕಾವಲುಗಳು ತಯಾರಕರ ಮರ್ಜಿಯಿಂದಷ್ಟೇ ಬಂದವಲ್ಲ. ಮನೆಬಳಕೆಯ ವಿದ್ಯುತ್ ಉಪಕರಣಗಳ ಅಂತಾರಾಷ್ಟ್ರೀಯ ಮಾನದಂಡ ಐಇಸಿ 60335ರಲ್ಲಿ ಅಸಹಜ ಬಳಕೆಗೆಂದೇ ಒಂದು ಭಾಗವಿದೆ. ಮೋಟಾರ್ ಸಿಕ್ಕಿಕೊಂಡರೆ, ನಿಯಂತ್ರಣದ ಬಿಡಿಭಾಗ ಕೆಟ್ಟರೆ ಉಪಕರಣದಿಂದ ಬೆಂಕಿ ಹೊರಬರಬಾರದು ಎಂಬುದನ್ನು ಅದರಡಿ ಪರೀಕ್ಷಿಸಲಾಗುತ್ತದೆ. ಭಾರತದಲ್ಲಿ ಐಎಸ್ 302 ಇದಕ್ಕೆ ಸಮನಾದ ಮಾನದಂಡ.

ಸಮಯ ಸಾಲದೇ ಹೋಗುವುದೇಕೆ

ಕಾಲಮಿತಿಯ ಹಿಂದಿರುವ ಊಹೆ ತಪ್ಪುವ ಸಂದರ್ಭಗಳೂ ಇವೆ. ಅತಿ ಸಾಮಾನ್ಯವಾದದ್ದು ವೋಲ್ಟೇಜ್ ಇಳಿತ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ವೋಲ್ಟ್ ಇರಬೇಕಾದಲ್ಲಿ 200 ಬಂದರೆ ವೋಲ್ಟೇಜ್ ಇಳಿದದ್ದು ಶೇ. 13, ಹೀಟರಿನ ಶಕ್ತಿ ಇಳಿದದ್ದು ಶೇ. 24. 1500 ವಾಟ್ ಹೀಟರ್ ಆಗ ಸುಮಾರು 1130 ವಾಟ್ ಮಾತ್ರ ಕೊಡುತ್ತದೆ. ಸಣ್ಣ ತಂತಿಯ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಿದರೂ ಹೀಗೇ. ಮೊದಲ ಸಿಡಿತ ಬರುವಷ್ಟರಲ್ಲೇ ಗಡಿಯಾರ ಮುಗಿದಿರುತ್ತದೆ. ತಣ್ಣನೆಯ ಜಾಗದಲ್ಲಿ ಹುರಿಯುವುದು, ಅಳತೆ ಮೀರಿ ಬೀಜ ತುಂಬುವುದು ಉಳಿದ ಕಾರಣಗಳು.

ಅಮೆರಿಕದಿಂದ ಭಾರತಕ್ಕೆ ತಂದ ಯಂತ್ರದಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿಯ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಜ್. ನೇರವಾಗಿ ಪ್ಲಗ್ ಹಾಕಿದರೆ ಹೀಟರಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗಿ ಯಂತ್ರ ಕ್ಷಣದಲ್ಲಿ ಹಾಳಾಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿದರೂ 50 ಹರ್ಟ್ಜ್ ಹಾಗೇ ಉಳಿಯುತ್ತದೆ. ಹರ್ಟ್ಜ್‌ಗೆ ತಕ್ಕ ವೇಗದಲ್ಲಿ ತಿರುಗುವ ಸಿಂಕ್ರೊನಸ್ ಮೋಟಾರ್ ಇದ್ದರೆ ಡ್ರಮ್ ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ. ವಿದ್ಯುತ್ತಿನ ಆವರ್ತನೆಗಳನ್ನೇ ಎಣಿಸಿ ಹೊತ್ತು ಅಳೆಯುವ ಟೈಮರ್ ಆಗಿದ್ದರೆ ಅದರ 10 ನಿಮಿಷ ಇಲ್ಲಿ 12 ನಿಮಿಷವಾಗುತ್ತದೆ. ಯಾರೂ ಏನನ್ನೂ ಬದಲಿಸದೆಯೇ ಸುರಕ್ಷತೆಯ ಮಿತಿ ಹೀಗೆ ಐದನೇ ಒಂದು ಭಾಗ ಹಿಗ್ಗಿರುತ್ತದೆ.

ಮಾರ್ಪಾಟುಗಳು, ಅವುಗಳ ಬೆಲೆ

ಪಾಪ್‌ಕಾರ್ನ್ ಯಂತ್ರದಲ್ಲಿ ಹವ್ಯಾಸಿಗಳು ಮೊದಲು ಕೈಹಾಕುವುದು ಫ್ಯಾನ್ ಮತ್ತು ಹೀಟರಿನ ಜೋಡಣೆಗೆ. ಹಲವು ಯಂತ್ರಗಳಲ್ಲಿ ಫ್ಯಾನಿನದು ಕಡಿಮೆ ವೋಲ್ಟಿನ ಡಿಸಿ ಮೋಟಾರ್. ಅದಕ್ಕೆ ಬೇಕಾದ ವೋಲ್ಟೇಜ್ ಹೀಟರಿನ ಕಾಯಿಲ್ ಮೂಲಕವೇ ಇಳಿದು ಬರುತ್ತದೆ. ಹೀಟರ್ ಆರಿಸಿದರೆ ಫ್ಯಾನೂ ನಿಲ್ಲುವುದರಿಂದ ಬೀಜವನ್ನು ಯಂತ್ರದಲ್ಲೇ ತಣಿಸಲಾಗದು. ಎರಡಕ್ಕೂ ಬೇರೆ ಬೇರೆ ವಿದ್ಯುತ್ ಕೊಟ್ಟರೆ ಕಾವನ್ನು ಬೇಕಾದಂತೆ ಏರಿಳಿಸಬಹುದು, ಕೊನೆಯಲ್ಲಿ ತಣ್ಣನೆಯ ಗಾಳಿ ಬಿಡಬಹುದು. ಆದರೆ ಮೂಲ ಜೋಡಣೆಯಲ್ಲಿ ಎರಡೂ ಒಂದೇ ದಾರಿಯಲ್ಲಿದ್ದುದರಿಂದ ಸಿಗುತ್ತಿದ್ದ ರಕ್ಷಣೆ ಇದರಿಂದ ತಪ್ಪುತ್ತದೆ. ಪ್ರತ್ಯೇಕಿಸಿದ ಮೇಲೆ ಫ್ಯಾನಿನ ವಿದ್ಯುತ್ ಒಂದೇ ಕಡಿತವಾದರೆ ಗಾಳಿಯಿಲ್ಲದೆ ಕಾಯಿಲ್ ಕೆಂಪಗೆ ಕಾದು, ಮೇಲಿನ ಬೀಜ ಕದಲದೆ ಕೂತಲ್ಲೇ ಸುಡುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಮಾತ್ರ ಹೀಟರಿಗೆ ವಿದ್ಯುತ್ ಸಿಗುವ ಏರ್ಪಾಡು ಆಗ ಅನಿವಾರ್ಯ.

ಎರಡನೆಯ ಮಾರ್ಪಾಟು ಥರ್ಮೋಸ್ಟಾಟನ್ನು ತೆಗೆದು ನೇರ ತಂತಿ ಜೋಡಿಸುವುದು. ಹೀಟರ್ ಪದೇಪದೇ ಆರುವುದು ತಪ್ಪಿ ಹುರಿತ ಬೇಗ ಮುಂದುವರಿಯುತ್ತದೆ. ಜೊತೆಗೆ ಥರ್ಮಲ್ ಫ್ಯೂಸನ್ನೂ ತೆಗೆಯುವವರಿದ್ದಾರೆ. ಅಲ್ಲಿಗೆ ಉಳಿಯುವ ಕಾವಲು ಮನುಷ್ಯನೊಬ್ಬನೇ. ಬೀಜದ ಕೋಣೆಯ ತಳ ಬಲೆಯಂತಿರುವ ಯಂತ್ರಗಳಲ್ಲಿ ಹೊಟ್ಟು ನೇರವಾಗಿ ಕಾಯಿಲ್ ಮೇಲೆ ಬೀಳುವುದರಿಂದ ಅಪಾಯ ಇನ್ನೂ ಹೆಚ್ಚು. ಗಾಳಿ ಪಕ್ಕದ ಸೀಳುಗಳಿಂದ ಸುಳಿಯಾಗಿ ಬರುವ ಯಂತ್ರವನ್ನೇ ಅನುಭವಿಗಳು ಆರಿಸುವುದು ಈ ಕಾರಣಕ್ಕೆ.

ಮೂರನೆಯದು ಮೂಲ ನಿಯಂತ್ರಣ ಫಲಕವನ್ನೇ ಬದಿಗಿಟ್ಟು ಬೀಜದ ನಡುವೆ ಕಾವು ಅಳೆಯುವ ಥರ್ಮೋಕಪಲ್ ಇಳಿಸಿ, ಅಳೆದ ಕಾವಿಗೆ ತಕ್ಕಂತೆ ಉರಿ ಹೊಂದಿಸುವ ಪಿಐಡಿ ನಿಯಂತ್ರಕದಿಂದ ಅಥವಾ ಕಂಪ್ಯೂಟರಿನಿಂದ ಹೀಟರ್ ನಡೆಸುವುದು. ಆರ್ಟಿಸಾನ್ ಎಂಬ ಉಚಿತ ತಂತ್ರಾಂಶ ಬೀಜದ ಉಷ್ಣತೆಯನ್ನೂ ಅದು ಏರುವ ವೇಗವನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಕುರುಡು ಗಡಿಯಾರಕ್ಕಿಂತ ಇದು ಎಷ್ಟೋ ಮೇಲು: ಬೀಜದ ಕಾವನ್ನೇ ಅಳೆಯುತ್ತದೆ. ಆದರೂ ಇಲ್ಲಿ ಒಂದು ಬಲೆ ಇದೆ. ಹೀಟರನ್ನು ಆನ್-ಆಫ್ ಮಾಡುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಹೆಚ್ಚಿನ ಸಲ ಒಳಗೇ ಶಾರ್ಟ್ ಆಗಿ ಆನ್ ಸ್ಥಿತಿಯಲ್ಲೇ ಉಳಿಯುತ್ತದೆ. ಹಳೆಯ ಬಗೆಯ ರಿಲೇಯಲ್ಲೂ ಸಂಪರ್ಕದ ತುದಿಗಳು ಬೆಸೆದುಕೊಳ್ಳುವುದುಂಟು. ತಂತ್ರಾಂಶ ಆರಿಸು ಎಂದರೂ ಹೀಟರ್ ಆರುವುದಿಲ್ಲ. ಥರ್ಮೋಕಪಲ್ ಜಾರಿ ಬೀಜದಿಂದ ಹೊರಬಂದರೆ ನಿಯಂತ್ರಕ ಕಡಿಮೆ ಕಾವನ್ನು ಕಂಡು ಇನ್ನಷ್ಟು ಉರಿಸುತ್ತದೆ. ಅದಕ್ಕಾಗಿ ಯಾವ ತಂತ್ರಾಂಶಕ್ಕೂ ಅಧೀನವಲ್ಲದ ಥರ್ಮಲ್ ಫ್ಯೂಸ್ ಹೀಟರಿನ ದಾರಿಯಲ್ಲಿ ಉಳಿಯಲೇಬೇಕು.

ಮಿತಿಯೊಳಗೇ ಹುರಿಯುವ ದಾರಿ

ಕಾಲ ಸಾಲದ ತೊಂದರೆಗೆ ಬಹುಪಾಲು ಪರಿಹಾರ ಯಂತ್ರ ಬಿಚ್ಚದೆಯೇ ಸಿಗುತ್ತದೆ. ಮೊದಲು ಬೀಜದ ಪ್ರಮಾಣ ಇಳಿಸಬೇಕು. 450 ಗ್ರಾಂ ಬದಲು 300 ಗ್ರಾಂ ಹಾಕಿದರೆ ಬಿಸಿಯಾಗಬೇಕಾದ ಬೀಜವೂ ಆವಿಯಾಗಬೇಕಾದ ನೀರೂ ಮೂರನೇ ಒಂದು ಪಾಲು ಕಡಿಮೆ. ಅದೇ ಅವಧಿಯಲ್ಲಿ ಹುರಿತ ಮುಂದೆ ಸಾಗುತ್ತದೆ. ಆದರೆ ಆಗ ಟೈಮರ್ ಅಗತ್ಯಕ್ಕಿಂತ ಉದ್ದವಾಗಿರುವುದರಿಂದ ಸಿಡಿತಕ್ಕೆ ಕಿವಿಗೊಟ್ಟು ಕೈಯಿಂದಲೇ ನಿಲ್ಲಿಸಬೇಕಾಗುತ್ತದೆ. ಯಂತ್ರವನ್ನು ದಪ್ಪ ತಂತಿಯ, ಭದ್ರವಾದ ಸಾಕೆಟ್‌ಗೆ ನೇರವಾಗಿ ಜೋಡಿಸಬೇಕು. ಗೀಸರ್, ಇಂಡಕ್ಷನ್ ಒಲೆ ನಡೆಯುವ ಹೊತ್ತು ಬಿಡಬೇಕು. ಹುರಿಯುವಾಗ ಸಾಕೆಟ್ಟಿನ ವೋಲ್ಟೇಜ್ ಅಳೆದು ನೋಡಿದರೆ ತಪ್ಪು ಯಂತ್ರದ್ದೋ ಮನೆಯ ವೈರಿಂಗಿನದ್ದೋ ತಿಳಿಯುತ್ತದೆ. ತಯಾರಕರು ಅನುಮತಿಸಿದ್ದರೆ ಖಾಲಿ ಯಂತ್ರವನ್ನು ಒಂದೆರಡು ನಿಮಿಷ ಮೊದಲೇ ಕಾಯಿಸಿಕೊಳ್ಳಬಹುದು. ಪ್ರತಿ ಸಲ ಹೊಟ್ಟಿನ ತಟ್ಟೆ ಖಾಲಿ ಮಾಡುವುದಂತೂ ಕಡ್ಡಾಯ; ಗಾಳಿಯ ದಾರಿ ಕಟ್ಟಿಕೊಂಡರೆ ಹುರಿತವೂ ಕೆಡುತ್ತದೆ, ಬೆಂಕಿಗೂ ಆಸ್ಪದ.

ಇಷ್ಟಾಗಿಯೂ ಬೀಜ ಹೊತ್ತಿಕೊಂಡರೆ ಯಂತ್ರದ ಬಾಗಿಲು ತೆರೆಯಬಾರದು. ಹೊಸ ಗಾಳಿ ಸಿಕ್ಕೊಡನೆ ಉರಿ ಭುಗಿಲೇಳುತ್ತದೆ. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಮುಚ್ಚಿದ ಯಂತ್ರದೊಳಗೇ ಉರಿ ಆರಲು ಬಿಡಬೇಕು. ವಿದ್ಯುತ್ ಇರುವಾಗ ನೀರು ಸುರಿಯುವಂತಿಲ್ಲ. ವಿದ್ಯುತ್ ಉಪಕರಣದ ಬೆಂಕಿಗೆ ಒಗ್ಗುವ ನಂದಕ ಕೈಗೆಟುಕುವಂತಿರಬೇಕು. ಉರಿ ಹೊರಗೆ ಬಂದರೆ ಅಲ್ಲಿ ನಿಲ್ಲದೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. ಒಮ್ಮೆ ಹೊತ್ತಿಕೊಂಡ ಯಂತ್ರದಲ್ಲಿ ತಂತಿಯ ಹೊದಿಕೆ, ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್ ಮೂರನ್ನೂ ಪರೀಕ್ಷಿಸಿ, ಬೇಕಾದ್ದನ್ನು ಬದಲಿಸಿದ ಮೇಲಷ್ಟೇ ಅದನ್ನು ಮತ್ತೆ ಬಳಸಬಹುದು.