ಇಪ್ಪತ್ತು ಪೌಂಡಿನ ಪರೀಕ್ಷೆ

ಹಾಸನದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಎತ್ತರದಲ್ಲಿದೆ. ನೀರಿನ ಮೇಲೆ ಕೂತ ಗಾಳಿಯ ಭಾರ ಅಷ್ಟರಮಟ್ಟಿಗೆ ಕಡಿಮೆ. ಅನ್ನಕ್ಕೆ ಎಸರಿಡುವವರಿಗೆ ಈ ಮೂರು ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಕಡೆಗೆ ಬರುವ ಹಳೇ ಜೀಪಿನ ಚಾಲಕನಿಗೆ ಮಾತ್ರ ಒಂದೊಂದು ಡಿಗ್ರಿಯೂ ಲೆಕ್ಕವೇ.

ಎಂಜಿನ್ನಿನೊಳಗೆ ಉರಿಯುವ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರ ತಿರುಗಿಸುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಏರಿನಲ್ಲಿ ಗಾಡಿ ಎರಡನೇ ಗೇರಿನಲ್ಲಿ ತೆವಳುತ್ತದೆ. ಎಂಜಿನ್ ಮೈಮುರಿದು ದುಡಿಯುತ್ತಿರುತ್ತದೆ, ಆದರೆ ಎದುರಿನಿಂದ ನುಗ್ಗಬೇಕಾದ ಗಾಳಿ ಇರುವುದಿಲ್ಲ. ಮುಂದೆ ಗ್ಯಾಸ್ ಟ್ಯಾಂಕರುಗಳ ಸಾಲೊಂದು ಸಿಕ್ಕಿಬಿಟ್ಟರೆ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಹಬೆ.

ಇದನ್ನು ತಡೆಯುವುದು ರೇಡಿಯೇಟರಿನ ಮುಚ್ಚಳ. ಅದರೊಳಗೊಂದು ಸ್ಪ್ರಿಂಗ್ ಇದೆ. ಟೈರಿಗೆ ಗಾಳಿ ಹಾಕಿಸುವಾಗ ನಾವು ಹೇಳುವ ಪೌಂಡ್ ಲೆಕ್ಕದಲ್ಲೇ ಹೇಳುವುದಾದರೆ, ಒಳಗಿನ ಒತ್ತಡ 13 ಪೌಂಡ್ ಮುಟ್ಟುವ ತನಕ ಈ ಮುಚ್ಚಳ ನೀರನ್ನು ಹೊರಗೆ ಬಿಡುವುದಿಲ್ಲ. ಹಾಸನದ ಗಾಳಿಯ ಒತ್ತಡವೂ ಸುಮಾರು ಅಷ್ಟೇ, ಚದರ ಇಂಚಿಗೆ 13 ಪೌಂಡ್. ಎರಡೂ ಕೂಡಿದರೆ ಇಮ್ಮಡಿ. ಇಮ್ಮಡಿ ಒತ್ತಡದಲ್ಲಿ ನೀರು ಕುದಿಯಬೇಕಾದರೆ ಸುಮಾರು 117 ಡಿಗ್ರಿ ಬೇಕು. ಅಡುಗೆಮನೆಯ ಕುಕ್ಕರಿನ ಕೆಲಸವೂ ಇದೇ. ಆದರೆ ಕುಕ್ಕರಿಗೆ ಇರುವುದು ಒಂದು ಗ್ಯಾಸ್ಕೆಟ್. ಗಾಡಿಯ ನೀರಿನ ದಾರಿಯಲ್ಲಿ ಹೋಸ್ ಪೈಪು, ವಾಟರ್ ಪಂಪು, ಥರ್ಮೋಸ್ಟಾಟ್ ಹೌಸಿಂಗ್, ಹೀಟರ್ ಕೊಳವೆ ಎಂದು ಹತ್ತಾರು ಕೂಡುಗಳಿವೆ. ಅವುಗಳಲ್ಲಿ ಒಂದು ಸೋರಿದರೂ ಒತ್ತಡ ನಿಲ್ಲದು, 117 ಮತ್ತೆ 97ರ ಕಡೆಗೆ ಇಳಿಯುತ್ತದೆ. ಈ ಒತ್ತಡವನ್ನು ಹಿಡಿದಿಡುವ ಭಾಗವೊಂದನ್ನು ಮನೆಯ ಶೆಡ್ಡಿನಲ್ಲಿ ಕಡೆದು, ಅದು ನಿಜಕ್ಕೂ ಹಿಡಿಯುತ್ತದೆಯೇ ಎಂದು ಒರೆಗೆ ಹಚ್ಚುವ ಕಸುಬನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ನನಗೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಹೊಳೆನರಸೀಪುರದ ಹತ್ತಿರ, ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಲೇತ್ ಇಟ್ಟುಕೊಂಡಿರುವ ಒಬ್ಬ ಮೇಸ್ತ್ರಿ. ಹಸು ಕಟ್ಟುತ್ತಿದ್ದ ಜಾಗದಲ್ಲಿ ಕಾಂಕ್ರೀಟ್ ಹಾಕಿ ಲೇತ್ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು, ಅದರ ತುಂಬ ತಿಳಿನೀರು.

ಅಂಗಡಿಯಲ್ಲಿ ಸಿಗದ ಭಾಗ

ಈ ಕಡೆಯ ಗಾಡಿಗಳು ಸುಲಭಕ್ಕೆ ಸಾಯುವುದಿಲ್ಲ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಹೊರುವ ಪಿಕಪ್ಪು, ಅರಕಲಗೂಡಿನ ಹಳ್ಳಿಗಳಿಂದ ರಾಮನಾಥಪುರದ ಹರಾಜಿಗೆ ತಂಬಾಕು ಸಾಗಿಸುವ ಗಾಡಿ, ಆಲೂಗಡ್ಡೆ ಹೊಲದ ಟ್ರ್ಯಾಕ್ಟರು, ಸಕಲೇಶಪುರದ ಕಾಫಿ ತೋಟದ ಜೀಪು, ಎಲ್ಲವೂ ರಿಪೇರಿಯ ಮೇಲೆ ರಿಪೇರಿ ಕಂಡು ಓಡುತ್ತಲೇ ಇರುತ್ತವೆ. ಸಾರಿಗೆ ಇಲಾಖೆಯ ಅನುಮತಿ ಪಡೆದು ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸಿದಾಗ ತೊಡಕು ಶುರುವಾಗುವುದು ನೀರಿನ ದಾರಿಯಲ್ಲಿ. ಎಂಜಿನ್ನಿನ ಬಾಯಿ ಒಂದು ಅಳತೆ, ರೇಡಿಯೇಟರಿನ ಬಾಯಿ ಇನ್ನೊಂದು. ಬೋಲ್ಟಿನ ತೂತುಗಳೂ ಎದುರುಬದುರಾಗುವುದಿಲ್ಲ. ಇವೆರಡನ್ನು ಬೆಸೆಯುವ ಭಾಗ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಅದನ್ನು ಹೊಸದಾಗಿ ಮಾಡಲೇಬೇಕು.

ಇಂಥ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹಿನ್ನೆಲೆ ಇದೆ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರನ್ನು ಕಂಡವರಿಗೆ ನೆನಪಿರುತ್ತದೆ: ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರ ಸವರಿ ಅರಿವೆಯಿಂದ ಉಜ್ಜುವುದು. ಆ ಉಪ್ಪು ಲೋಹದ ಮೇಲಿನ ಕಿಲುಬನ್ನು ತಿಂದರೆ ಮಾತ್ರ ತವರ ಹಿಡಿಯುತ್ತದೆ. ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರಿನ ಬೆಸುಗೆಗೂ ಇದೇ ಸೂತ್ರ. ಕಿಲುಬು ಹೋಗಬೇಕು, ಆಮೇಲೆ ತವರ-ಸೀಸದ ಮಿಶ್ರಣ ಕರಗಿ ಸಂದಿಗೆ ಇಳಿಯಬೇಕು. ಆ ಮಿಶ್ರಣ 183 ಡಿಗ್ರಿಯಲ್ಲೇ ಕರಗಲು ಶುರುವಾಗುವುದರಿಂದ ಕೊಳವೆಗೆ ಧಕ್ಕೆಯಿಲ್ಲ. 1900ರ ಕೊನೆಯಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ 8,070 ಪುಟ್ಟ ಚೌಕ ಕೊಳವೆಗಳನ್ನು ಬೆಸುಗೆಯಿಂದ ಕೂಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಇವತ್ತಿನ ರೇಡಿಯೇಟರುಗಳ ವಂಶ ಶುರುವಾಗುವುದು ಅಲ್ಲಿಂದ.

ಈಗಿನ ಗಾಡಿಗಳಲ್ಲಿ ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ. ಇದರ ಸ್ವಭಾವವೇ ಬೇರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಕಣ್ಣಿಗೆ ಕಾಣದ ಕಿಲುಬಿನ ಪದರ 2,000 ಡಿಗ್ರಿ ದಾಟಿದರೂ ಕರಗುವುದಿಲ್ಲ. ಆದ್ದರಿಂದ ಬೆಸುಗೆಗೆ ಆರ್ಗಾನ್ ವೆಲ್ಡಿಂಗ್ ಬೇಕು, ಪಳಗಿದ ಕೈ ಬೇಕು. ಸಾಧ್ಯವಿದ್ದಲ್ಲೆಲ್ಲ ಬೆಸುಗೆಯೇ ಇಲ್ಲದಂತೆ ಇಡೀ ಭಾಗವನ್ನು ಒಂದೇ ತುಂಡಿನಿಂದ ಕಡೆಯುವುದು ಮೇಸ್ತ್ರಿಯ ಪದ್ಧತಿ.

ಕಡೆಯುವ ಕೆಲಸ

ಅವರು ಗುಜರಿಯ ಎರಕದ ತುಂಡನ್ನು ಮುಟ್ಟುವುದಿಲ್ಲ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತದೆ. ಆರುವಾಗ ಆ ಅನಿಲ ಸೂಜಿಮೊನೆಯಂಥ ಗುಳ್ಳೆಗಳಾಗಿ ಲೋಹದೊಳಗೇ ಉಳಿಯುತ್ತದೆ. ಹೊರಗಿನ ಚರ್ಮ ಗಟ್ಟಿಯಾಗಿಯೇ ಕಾಣುತ್ತದೆ. ಲೇತಿನಲ್ಲಿ ಆ ಚರ್ಮ ಸುಲಿದ ಮೇಲೆ ಒಳಗಿನ ತೂತುಗಳು ಒಂದಕ್ಕೊಂದು ದಾರಿ ಕೊಟ್ಟು, ಎಲ್ಲೂ ಬಿರುಕಿಲ್ಲದ ಲೋಹವೇ ಬೆವರತೊಡಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಒತ್ತಿ ತೆಗೆದ ರೌಂಡ್ ಬಾರ್ ಬೇಕು.

80 ಮಿ.ಮೀ. ದಪ್ಪದ ಬಾರಿನ ತುಂಡೊಂದನ್ನು ಚಕ್ಕಿಗೆ ಕಚ್ಚಿಸಿ ಮೊದಲು ಮುಖ ಸಮ ಮಾಡುತ್ತಾರೆ. ನಡುವೆ ಡ್ರಿಲ್ ಇಳಿಸಿ, ಆಮೇಲೆ ಬೋರಿಂಗ್ ಟೂಲಿನಿಂದ ಒಳಗನ್ನು ಹಿಗ್ಗಿಸುತ್ತಾರೆ. ಅಲ್ಯೂಮಿನಿಯಂ ಮೃದು, ಟೂಲಿನ ತುದಿಗೆ ಅಂಟಿಕೊಂಡು ಮೈಯನ್ನು ಗೀರಿಬಿಡುತ್ತದೆ. ಅದಕ್ಕೆ ಬ್ರಷ್ಷಿನಿಂದ ಆಗಾಗ ಸೀಮೆಎಣ್ಣೆ ಸವರುತ್ತಾರೆ. ಸರಿಯಾದ ವೇಗ ಸಿಕ್ಕಾಗ ಬೆಳ್ಳಿಯಂಥ ಸುರುಳಿ ಒಂದೇ ಎಳೆಯಾಗಿ ಬಿಚ್ಚಿಕೊಂಡು ಬೀಳುತ್ತದೆ. ಸದ್ದು ಕೊಂಚ ಬದಲಾದರೂ ಅವರ ಕೈ ಚಕ್ರದ ಮೇಲೆ ನಿಲ್ಲುತ್ತದೆ. ವರ್ನಿಯರ್ ಹಿಡಿಯುವ ಮೊದಲೇ ಕಿವಿ ಅಳೆದಿರುತ್ತದೆ.

ಹೋಸ್ ಪೈಪು ಕೂರುವ ಕುತ್ತಿಗೆಯನ್ನು 38 ಮಿ.ಮೀ.ಗೆ ಇಳಿಸಿ ತುದಿಯಲ್ಲಿ ಒಂದು ಸಣ್ಣ ಉಬ್ಬು ಉಳಿಸುತ್ತಾರೆ. ಅದು ಅಲಂಕಾರವಲ್ಲ. 20 ಪೌಂಡ್ ಒತ್ತಡದಲ್ಲಿ ಆ ಬಾಯಿಯ ಮೇಲೆ ಬೀಳುವ ನೂಕು ಸುಮಾರು 16 ಕೆ.ಜಿ. ತೂಕದಷ್ಟು. ನಯವಾದ ಕುತ್ತಿಗೆಯಾದರೆ ಕ್ಲಿಪ್ಪು ಎಷ್ಟೇ ಬಿಗಿದರೂ ಬಿಸಿಯಾದ ರಬ್ಬರು ಮೆಲ್ಲಗೆ ಜಾರುತ್ತದೆ. ಅರ್ಧ ಮಿ.ಮೀ. ಉಬ್ಬು ಆ ಜಾರುವಿಕೆಗೆ ತಡೆ.

ಎಂಜಿನ್ನಿಗೆ ಕೂರುವ ಮುಖದಲ್ಲಿ ಓ-ರಿಂಗಿಗೆ ತೋಡು ತೆಗೆಯುವುದು ಇಡೀ ಕೆಲಸದ ಅತಿ ಸೂಕ್ಷ್ಮ ಭಾಗ. ರಿಂಗಿನ ರಬ್ಬರು 3 ಮಿ.ಮೀ. ದಪ್ಪವಿದ್ದರೆ ತೋಡಿನ ಆಳ 2.3 ಮಿ.ಮೀ. ಉಳಿದ 0.7 ಮಿ.ಮೀ. ಬೋಲ್ಟ್ ಬಿಗಿದಾಗ ಒತ್ತಿ ಕೂರುತ್ತದೆ. ನೀರನ್ನು ತಡೆಯುವುದು ಆ ಒತ್ತು. ಒತ್ತಿದ ರಬ್ಬರು ಪಕ್ಕಕ್ಕೆ ಹರಡಬೇಕಲ್ಲ, ಅದಕ್ಕಾಗಿ ಅಗಲ 4 ಮಿ.ಮೀ. ಆಳ ಹೆಚ್ಚಾದರೆ ರಿಂಗು ಸಡಿಲ, ಅಗಲ ಕಡಿಮೆಯಾದರೆ ಜಾಗ ಸಾಲದೆ ರಬ್ಬರು ಸೀಳುತ್ತದೆ. ಕೊನೆಗೆ ಶಾಖದ ಸೆನ್ಸರಿಗಾಗಿ 10.5 ಮಿ.ಮೀ. ಡ್ರಿಲ್ ಹಾಕಿ, ಒಂದೂವರೆ ಪಿಚ್ಚಿನ 12 ಮಿ.ಮೀ. ಟ್ಯಾಪನ್ನು ಕೈಯಿಂದಲೇ ಇಳಿಸುತ್ತಾರೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗಿನ ಚೂರು ಮುರಿದು ದಾರಿ ಬಿಡುತ್ತದೆ.

ಮುಖದ ಸಮತಟ್ಟು ನೋಡಲು ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಭಾಗವನ್ನು ಎಂಟರ ಆಕಾರದಲ್ಲಿ ತಿಕ್ಕುತ್ತಾರೆ. ಮೊದಲೇ ಮುಖಕ್ಕೆ ಮಾರ್ಕರಿನಿಂದ ಗೆರೆ ಎಳೆದಿರುತ್ತಾರೆ. ಗೆರೆ ಎಲ್ಲ ಕಡೆ ಒಂದೇ ಸಮ ಅಳಿಸಿದರೆ ಮುಖ ಸಮ. ಎಲ್ಲಾದರೂ ಗೆರೆ ಉಳಿದರೆ ಅಲ್ಲಿ ತಗ್ಗು, ಇನ್ನೂ ತಿಕ್ಕಬೇಕು.

ಮೂರು ಪರೀಕ್ಷೆ

ಇಷ್ಟಾದ ಮೇಲೆ ಯಾರಿಗಾದರೂ ಕೆಲಸ ಮುಗಿಯಿತು ಅನ್ನಿಸುತ್ತದೆ. ಮೇಸ್ತ್ರಿಗೆ ಇದು ಅರ್ಧ ಕೆಲಸ. “ನೀರಿಗೆ ನಾವು ದಾರಿ ತೋರಿಸ್ಬೇಕಾಗಿಲ್ಲ ಸಾರ್, ಇದ್ರೆ ಅದೇ ಹುಡುಕ್ಕೊತದೆ” ಅನ್ನುತ್ತಾರೆ. ಗಾಡಿಯ ಮುಚ್ಚಳ 13 ಪೌಂಡಿನದು, ಪರೀಕ್ಷೆ ಅದರ ಸುಮಾರು ಒಂದೂವರೆ ಪಟ್ಟು, ಅಂದರೆ 20 ಪೌಂಡ್.

ಮೊದಲನೆಯದು ನೀರಿನ ಪರೀಕ್ಷೆ. ದಪ್ಪ ಪ್ಲೇಟು ಮತ್ತು ಬೋಲ್ಟಿನಿಂದ ಬಾಯಿಗಳನ್ನು ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ, ನೀರು ತುಂಬಿ ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ಗಾಳಿಗಿಂತ ಮೊದಲು ನೀರೇ ಯಾಕೆ ಎಂಬುದರಲ್ಲಿ ಜೀವದ ಪ್ರಶ್ನೆಯಿದೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಭಾಗ ಒಡೆದರೆ ಒಂದು ಹನಿ ಚಿಮ್ಮಿದ ಕೂಡಲೆ ಒತ್ತಡ ಸತ್ತುಹೋಗುತ್ತದೆ. ಕುಗ್ಗಿಸಿದ ಗಾಳಿ ಎಳೆದ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟಿರುತ್ತದೆ, ಒಡೆದರೆ ಚೂರುಗಳನ್ನು ಎಸೆಯುತ್ತದೆ. ನೀರಿನಲ್ಲಿ ಗೆದ್ದ ಭಾಗಕ್ಕೆ ಮಾತ್ರ ಗಾಳಿ. ಆಗಲೂ ಮುಚ್ಚಿದ ಬಾಯಿಯ ಎದುರು ಯಾರೂ ನಿಲ್ಲಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು.

ಎರಡನೆಯದು ಡ್ರಮ್ಮಿನ ಪರೀಕ್ಷೆ. ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ 20 ಪೌಂಡ್ ತುಂಬಿ ಭಾಗವನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಮುಳುಗಿಸಿದ ಕೂಡಲೆ ಮೈತುಂಬ ಗುಳ್ಳೆ ಅಂಟಿಕೊಳ್ಳುತ್ತವೆ. ನಾನು ಗಾಬರಿಯಾಗಿದ್ದೆ. ಅವರು ನೀರಿನೊಳಗೆ ಕೈ ಹಾಕಿ ಎಲ್ಲವನ್ನೂ ಸವರಿ ಒರೆಸಿದರು. ಅವು ಹೊರಗಿನಿಂದ ಅಂಟಿಕೊಂಡು ಬಂದ ಗಾಳಿ. ಒರೆಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಹುಟ್ಟುವ ಗುಳ್ಳೆ ಮಾತ್ರ ಸೋರಿಕೆ. ಸರಸರನೆ ಏಳುವ ಸಾಲು ಗೀರಿನದೋ ಸಡಿಲ ರಿಂಗಿನದೋ ಆಗಿರುತ್ತದೆ. ಅರ್ಧ ನಿಮಿಷಕ್ಕೊಂದು ಬೆಳೆದು ಬಿಡುವ ಒಂಟಿ ಗುಳ್ಳೆ ಲೋಹದೊಳಗಿನ ತೂತಿನದು. ಮೊದಲನೆಯದಕ್ಕೆ ಮದ್ದುಂಟು. ಎರಡನೆಯದಕ್ಕೆ ಅವರು ಅಂಟು ಬಳಿಯುವುದಿಲ್ಲ, ತುಂಡನ್ನೇ ಪಕ್ಕಕ್ಕಿಟ್ಟು ಹೊಸ ಬಾರು ಕತ್ತರಿಸುತ್ತಾರೆ. ಎರಡು ದಿನದ ಕೆಲಸ ಹಾಗೆ ಗುಜರಿಗೆ ಹೋದದ್ದನ್ನು ನೋಡಿದ್ದೇನೆ. ಅವರ ಮುಖದಲ್ಲಿ ಬೇಸರವಿತ್ತು, ಅನುಮಾನವಿರಲಿಲ್ಲ.

ಡ್ರಮ್ಮಿಗೆ ಇಳಿಸುವ ಮೊದಲು ಭಾಗವನ್ನು ಬಚ್ಚಲ ಹಂಡೆಯ ಕುದಿನೀರಿನಲ್ಲಿ ಒಂದೆರಡು ಸಲ ಕಾಯಿಸಿ ಆರಿಸುವುದೂ ಉಂಟು. 25 ಡಿಗ್ರಿಯಿಂದ 95ಕ್ಕೆ ಏರುವಾಗ 100 ಮಿ.ಮೀ. ಅಲ್ಯೂಮಿನಿಯಂ 0.16 ಮಿ.ಮೀ. ಹಿಗ್ಗುತ್ತದೆ, ಎಂಜಿನ್ ಬ್ಲಾಕಿನ ಬೀಡು ಕಬ್ಬಿಣ ಅದರ ಅರ್ಧದಷ್ಟು. ಪ್ರತಿ ಪಯಣದಲ್ಲೂ ಈ ಎರಡು ಲೋಹಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಸರಿದಾಡುತ್ತವೆ. ಆ ಸರಿದಾಟವನ್ನು ತಾಳುವುದೂ ಆ ಮೂರು ಮಿ.ಮೀ. ರಬ್ಬರಿನ ಹೊಣೆ.

ಹಂಡೆಯ ಮಾತು ಬಂದಾಗ ಮೇಸ್ತ್ರಿ ನೀರಿನ ಮಾತನ್ನೂ ಎತ್ತುತ್ತಾರೆ. ಚನ್ನರಾಯಪಟ್ಟಣದ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಚೆಕ್ಕೆ ಕಟ್ಟುತ್ತದಲ್ಲ, ಅದೇ ಸುಣ್ಣ ರೇಡಿಯೇಟರಿನ ಕೊಳವೆಯಲ್ಲೂ ಕಟ್ಟಿ ಶಾಖ ದಾಟದಂತೆ ತಡೆಯುತ್ತದೆ. ಡಿಸ್ಟಿಲ್ಡ್ ನೀರಿಗೆ ಸರಿಯಾದ ಕೂಲೆಂಟ್ ಬೆರೆಸಿ ಹಾಕಿದರೆ ಸುಣ್ಣವೂ ಇಲ್ಲ, ಲೋಹ ಸವೆಯುವುದೂ ಕಡಿಮೆ. ಅವರು ಭಾಗದ ಜೊತೆಗೆ ಕೊಡುವ ಇನ್ನೊಂದು ಬುದ್ಧಿಮಾತು: ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು 105 ಡಿಗ್ರಿಯಲ್ಲಿದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಅದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ.

ಮೂರನೆಯದು ರಾತ್ರಿಯ ಪರೀಕ್ಷೆ. ಡ್ರಮ್ಮಿನಲ್ಲಿ ಗುಳ್ಳೆ ಕಾಣದ ಭಾಗವನ್ನು ಒರೆಸಿ, ಗೇಜನ್ನು ನೋಡಿ, ಸಂಜೆ ಅದೇ 20 ಪೌಂಡಿನಲ್ಲಿ ಬೆಂಚಿನ ಮೇಲೆ ಬಿಟ್ಟು ಬಾಗಿಲು ಹಾಕುತ್ತಾರೆ. ನಾನು ಮಾರನೆಯ ಬೆಳಿಗ್ಗೆ ಏಳಕ್ಕೇ ಹೋದೆ. ಹೇಮಾವತಿಯ ಕಡೆಯಿಂದ ಬಂದ ಮಂಜು ಕೊಟ್ಟಿಗೆಯ ಹೆಂಚಿನ ಮೇಲೆ ಇನ್ನೂ ಕೂತಿತ್ತು. ಗೇಜಿನ ಮುಳ್ಳು 19ರಲ್ಲಿತ್ತು. ಸೋರಿದೆ ಎಂದುಕೊಂಡೆ. ಮೇಸ್ತ್ರಿ ನೋಡಿ ಏನೂ ಮುಟ್ಟಲಿಲ್ಲ. “ಚಳಿ ಸಾರ್. ಕಾಫಿ ಕುಡ್ಕೊಂಡು ಬರೋಣ ಬನ್ನಿ” ಎಂದರು.

ಲೆಕ್ಕ ಅವರ ತಲೆಯಲ್ಲಿತ್ತು. ಮುಚ್ಚಿದ ಗಾಳಿ ತಣ್ಣಗಾದರೆ ಒತ್ತಡ ತಾನಾಗಿ ಇಳಿಯುತ್ತದೆ. ಗೇಜಿನ 20ರ ಜೊತೆಗೆ ಹೊರಗಿನ ಗಾಳಿಯ 13 ಸೇರಿಸಿದರೆ 33. ಸಂಜೆಯಿಂದ ಬೆಳಿಗ್ಗೆಗೆ ಹತ್ತು ಡಿಗ್ರಿ ಇಳಿದಿದ್ದರೆ ಅದರಲ್ಲಿ ಸುಮಾರು ಮೂವತ್ತನೇ ಒಂದು ಪಾಲು, ಅಂದರೆ ಒಂದು ಪೌಂಡಿನಷ್ಟು, ಕಡಿಮೆಯಾಗಲೇಬೇಕು. ಇದು ಗೊತ್ತಿಲ್ಲದವರು ಒಳ್ಳೆಯ ಭಾಗವನ್ನು ಬಿಚ್ಚಿ ಕೆಡಿಸುತ್ತಾರೆ. ಇನ್ನು ಕೆಲವರು ನಿಜವಾದ ಸೋರಿಕೆಯನ್ನೂ ಚಳಿ ಎಂದುಕೊಂಡು ಗಾಡಿಗೆ ಹಾಕಿ ಕಳಿಸುತ್ತಾರೆ. ಯಾವುದು ಚಳಿ, ಯಾವುದು ಸೋರಿಕೆ ಎಂದು ಹೇಳಬಲ್ಲದ್ದು ಸಮಯ. ಆ ಸಮಯವನ್ನು ಕೊಡುವ ತಾಳ್ಮೆ ಲೇತಿನ ಕೈಚಳಕಕ್ಕಿಂತ ಸಣ್ಣದಲ್ಲ.

ಹತ್ತೂವರೆಗೆ ಬಿಸಿಲು ಹೆಂಚಿನ ಸಂದಿಯಿಂದ ಬೆಂಚಿನ ಮೇಲೆ ಬಿತ್ತು. ಇಬ್ಬರೂ ಗೇಜಿನ ಮುಂದೆ ನಿಂತಿದ್ದೆವು. ಮುಳ್ಳು 20ರ ಗೆರೆಯ ಮೇಲಿತ್ತು. ಮೇಸ್ತ್ರಿ ಗಾಳಿ ಬಿಟ್ಟು ಬೋಲ್ಟ್ ಕಳಚಿದರು. ಭಾಗವನ್ನು ಒಣ ಬಟ್ಟೆಯಿಂದ ಒರೆಸಿ, ಘಾಟಿ ಹತ್ತಬೇಕಾದ ಜೀಪಿನ ಕಡೆಗೆ ನಡೆದರು.