ಹೊಲದಲ್ಲಿ ಆಪತ್ತು: ಮೊಬೈಲಿನಿಂದ ನೆರವು ಹೇಗೆ?

ರೈತ ಬಾಂಧವರೇ, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಒಂಟಿಯಾಗಿ ಹೊಲಕ್ಕೆ ಹೋಗುವುದು ನಿಮ್ಮಲ್ಲಿ ಅನೇಕರಿಗೆ ಅನಿವಾರ್ಯ. ಬದುವಿನ ಮೇಲೆ ಹಾವು ಕಚ್ಚಿದರೆ, ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆದರೆ, ಕೂಗಿದರೂ ಕೇಳುವವರಿರುವುದಿಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದರಲ್ಲಿ ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಆಗಿವೆ.

ಮಕ್ಕಳು ಕಟ್ಟುವ ಆ್ಯಪ್

ಇಂಥ ಹೊತ್ತಿನಲ್ಲಿ ನೆರವು ಕರೆಯುವ ಆ್ಯಪ್‌ಗಳನ್ನು ಕಾಲೇಜು ವಿದ್ಯಾರ್ಥಿಗಳು ಹ್ಯಾಕಥಾನ್‌ಗಳಲ್ಲಿ ತಯಾರಿಸುತ್ತಾರೆ. ತಂಡ ಕಟ್ಟಿಕೊಂಡು, ಗೊತ್ತುಮಾಡಿದ ವೇಳೆಯೊಳಗೆ ಒಂದು ಸಮಸ್ಯೆಗೆ ಪರಿಹಾರ ಮಾಡಿ ತೋರಿಸುವ ಸ್ಪರ್ಧೆಗೆ ಈ ಹೆಸರು. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತಿನಲ್ಲಿ 36 ಗಂಟೆ ಎಡೆಬಿಡದೆ ದುಡಿಯಬೇಕು.

ಆ್ಯಪ್‌ನ ಕೆಲಸ ಸರಳ. ಗುಂಡಿ ಒತ್ತಿದೊಡನೆ ಫೋನು ಉಪಗ್ರಹಗಳ ಸಹಾಯದಿಂದ ತಾನಿರುವ ಜಾಗವನ್ನು ಗುರುತಿಸುತ್ತದೆ. ಆ ಗುರುತನ್ನು, ಮೊದಲೇ ಬರೆದಿಟ್ಟ ನಾಲ್ಕಾರು ನಂಬರುಗಳಿಗೆ ಕಳಿಸುತ್ತದೆ.

ನಿಮ್ಮ ಮಗನೋ ಮಗಳೋ ಇಂಥ ಸ್ಪರ್ಧೆಗೆ ಹೊರಟಿದ್ದರೆ ಹಳ್ಳಿಯ ಸ್ಥಿತಿಯನ್ನು ನೀವೇ ತಿಳಿಸಿಕೊಡಿ:

1. ಹೊಲದಲ್ಲಿ ಇಂಟರ್‌ನೆಟ್ ಸಿಗದಿರಬಹುದು. ಆಗ ಸುದ್ದಿ ಎಸ್ಸೆಮ್ಮೆಸ್ ಆಗಿ ಹೋಗಬೇಕು. ಜಾಗ ಗುರುತಿಸಲು ಇಂಟರ್‌ನೆಟ್ ಬೇಕೇಬೇಕೆಂದಿಲ್ಲ; ಬಯಲಿನಲ್ಲಿ ಉಪಗ್ರಹದ ಸಂಕೇತ ಸಾಕು.

2. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ, ಕನ್ನಡದ್ದು 70 ಮಾತ್ರ. ಒತ್ತು, ಕೊಂಬುಗಳೂ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಕನ್ನಡದ ಸುದ್ದಿ ಚುಟುಕಾಗಿರಲಿ: ಹೆಸರು, ಆಪತ್ತು, ಜಾಗ.

3. ಕೆಸರು ಮೆತ್ತಿದ ಒದ್ದೆ ಕೈಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಫೋನಿನ ಪಕ್ಕದ ಗುಂಡಿಯನ್ನೇ ಬಳಸುವಂತಿರಲಿ.

4. ತಪ್ಪಿ ಒತ್ತಿದರೆ ರದ್ದು ಮಾಡಲು ಕೆಲವು ಸೆಕೆಂಡು ಅವಕಾಶವಿರಲಿ. ಸುಳ್ಳು ಕರೆ ಹೆಚ್ಚಾದರೆ ನಿಜವಾದ ಕರೆಗೂ ಯಾರೂ ಏಳುವುದಿಲ್ಲ.

ಒಂದೂವರೆ ದಿನದಲ್ಲಿ ಮಾದರಿ ಸಿದ್ಧವಾದೀತೇ ಹೊರತು ಪರೀಕ್ಷೆ ಮುಗಿಯದು. ಬಹುಮಾನ ಬಂದ ಮೇಲೆ ಆ್ಯಪ್ ಅನ್ನು ಕತ್ತಲಲ್ಲಿ, ಮಳೆಯಲ್ಲಿ, ಹಳೆಯ ಫೋನಿನಲ್ಲಿ ಪರೀಕ್ಷಿಸಬೇಕು. ಅದಕ್ಕೆ ನಿಮ್ಮ ಹೊಲವೇ ತಕ್ಕ ಜಾಗ.

ಈಗಲೇ ಮಾಡಬಹುದಾದದ್ದು

ಹೊಸ ಆ್ಯಪ್‌ಗಾಗಿ ಕಾಯಬೇಕಿಲ್ಲ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112 ಒಂದೇ ನಂಬರು. ಆಂಬುಲೆನ್ಸ್‌ಗೆ 108 ಕೂಡ ಇದೆ. 2016ರ ಕೇಂದ್ರ ನಿಯಮದಂತೆ ಮೊಬೈಲ್‌ಗಳಲ್ಲಿ ತುರ್ತು ಗುಂಡಿಯ ಸೌಲಭ್ಯ ಇರಬೇಕು: ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು. ಫೋನಿಂದ ಫೋನಿಗೆ ಕ್ರಮ ಬೇರೆಯಾಗಬಹುದು. ನಿಮ್ಮ ಫೋನಿನಲ್ಲಿ ಹೇಗೆಂದು ತಿಳಿದವರನ್ನು ಕೇಳಿಟ್ಟುಕೊಳ್ಳಿ.

ಅಕ್ಕಪಕ್ಕದ ಹೊಲದ ಇಬ್ಬರೊಡನೆ ಮಾತಾಡಿ, ರಾತ್ರಿ ಕರೆ ಬಂದರೆ ಓಡಿ ಬರುವ ಒಪ್ಪಂದ ಮಾಡಿಕೊಳ್ಳಿ. ಹಾವಿನ ವಿಷಕ್ಕೆ ಔಷಧ ಯಾವ ಆಸ್ಪತ್ರೆಯಲ್ಲಿದೆಯೆಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಡಿ.

ಹಾವು ಕಚ್ಚಿದಲ್ಲಿ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿದು ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಸೇರಿಸಿ. ಶಾಕ್ ಹೊಡೆದವರನ್ನು ಮೇನ್ ಆಫ್ ಮಾಡದೆ ಮುಟ್ಟಬೇಡಿ.

ಫೋನು ಸುದ್ದಿ ಮುಟ್ಟಿಸಬಲ್ಲದು, ಅಷ್ಟೆ. ಜೀವ ಉಳಿಸಲು ಓಡಿ ಬರಬೇಕಾದವರು ನೆರೆಯವರು. ರಾತ್ರಿ ಹೊಲಕ್ಕೆ ಹೊರಡುವ ಮುನ್ನ ಫೋನಿಗೆ ಚಾರ್ಜ್ ಮಾಡಿ, ಕಾಲಿಗೆ ಬೂಟು ಹಾಕಿ, ಕೈಗೆ ಟಾರ್ಚು ತೆಗೆದುಕೊಳ್ಳಿ. ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ.